ತೊಟ್ಟಿಮನೆಯ ಬಿಸಿಲಿನ ಸರದಿ

೧೯೭೪ನೆಯ ಇಸವಿ ಅಕ್ಟೋಬರ್ ಹದಿನಾಲ್ಕು, ಸೋಮವಾರ: ಕುಂಡ ಆರು, ಎಲೆ ನಲವತ್ತೇಳು, ಹೂವು ಸೊನ್ನೆ. ಎಣಿಸಿದವರು ನಾಲೆಕೊಪ್ಪಲಿನ ಯಜಮಾನ ಕುಳ್ಳಯ್ಯನವರು. ಎಲೆಗಳನ್ನು ಎರಡು ಸಲ ಎಣಿಸಿದರು, ಏಕೆಂದರೆ ಮೊದಲ ಸಲ ಒಂದು ಎಲೆಯ ಮೇಲೆ ಮನೆಯ ಬೆಕ್ಕು ಬಾಲ ಹರಡಿಕೊಂಡು ಮಲಗಿತ್ತು. ಹೂವನ್ನು ಎರಡನೆಯ ಸಲ ಎಣಿಸುವ ಅಗತ್ಯ ಬೀಳಲಿಲ್ಲ.

ನಾಲೆಕೊಪ್ಪಲು ಮಿರ್ಲೆಗೆ ಎರಡು ಮೈಲಿ ಕೆಳಗಿರುವ ಕಾಲುವೆ ನೀರಿನ ಊರು. ಅಂಥ ಊರಿನಲ್ಲಿ ದೇವರ ನಂತರದ ಹೆಸರು ನೀರುಗಂಟಿಯದು. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ಗೊತ್ತುಮಾಡಿ, ಗುದ್ದಲಿ ಹಿಡಿದು ಮಡೆ ತೆರೆದು ಮಡೆ ಮುಚ್ಚುವವನು ಅವನು. ಸಣ್ಣಬೀರಯ್ಯ ಮೂವತ್ತೊಂದು ವರ್ಷಗಳಿಂದ ಆ ಕೆಲಸದಲ್ಲಿದ್ದ. ಗುದ್ದಲಿಯಲ್ಲದೆ ಅವನಿಗಿದ್ದ ಇನ್ನೊಂದು ಉಪಕರಣ ಗಳಿಗೆಬಟ್ಟಲು. ತಳದಲ್ಲಿ ಸೂಜಿಗಣ್ಣಿನಷ್ಟು ತೂತಿರುವ ಆ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷ ಹಿಡಿಯುತ್ತಿತ್ತು. ಬಟ್ಟಲು ಮುಳುಗಿತೆಂದರೆ ಸರದಿ ಮುಗಿಯಿತು. ಗದ್ದೆಯವನು ಸ್ವಂತ ಭಾವಮೈದುನನಾದರೂ ಮಡೆ ಮುಚ್ಚಿತು. ಭಾವಮೈದುನ ಹನ್ನೊಂದು ವರ್ಷದಿಂದ ಅವನ ಮನೆಗೆ ಬಂದಿರಲಿಲ್ಲ.

ಈಗ ಆ ಕೆಲಸಕ್ಕೇ ಕುತ್ತು ಬಂದಿತ್ತು. ಕಾಲುವೆ ನೋಡಿಕೊಳ್ಳಲು ಖಾಕಿ ತೊಟ್ಟ ಸೌಡಿಯೊಬ್ಬ ಸರ್ಕಾರದಿಂದ ನೇಮಕವಾಗಿದ್ದ. ಸೌಡಿ ಇರುವಾಗ ಊರು ತನ್ನ ಕಣದಿಂದ ಭತ್ತ ಅಳೆದು ಬೇರೊಬ್ಬ ನೀರುಗಂಟಿಯನ್ನು ಏಕೆ ಸಾಕಬೇಕು ಎಂದು ಅರ್ಧ ಊರು ಕೇಳುತ್ತಿತ್ತು. ಉಳಿದರ್ಧ ಸಣ್ಣಬೀರಯ್ಯನೇ ಇರಲಿ ಎನ್ನುತ್ತಿತ್ತು. ಯಾವ ಕಡೆಗೂ ಸೇರದೆ ಉಳಿದಿದ್ದವರು ಇಬ್ಬರೇ, ತೊಟ್ಟಿಮನೆಯ ಅಣ್ಣ ಚಲುವಯ್ಯ ಮತ್ತು ತಮ್ಮ ಚಿಕ್ಕಣ್ಣ. ಆ ಇಬ್ಬರಿಗೆ ಸದ್ಯಕ್ಕೆ ನೀರಿನ ಚಿಂತೆ ಇರಲಿಲ್ಲ. ಅವರ ಚಿಂತೆ ಈ ಆರು ಕುಂಡಗಳು.

ಕುಂಡಗಳು ಅವರ ತಂದೆಯ ಕಾಲದವು. ಪಿರಿಯಾಪಟ್ಟಣದಾಚೆಯ ಕಾಫಿ ತೋಟದ ಸಾಹುಕಾರನೊಬ್ಬ ಇವರಲ್ಲಿ ಜೋಡಿ ಎತ್ತು ಕೊಂಡು, ಎತ್ತಿನ ನಡಿಗೆಗೆ ಮೆಚ್ಚಿ, ಆರ್ಕಿಡ್ ಗಿಡಗಳನ್ನು ಸಂತೋಷಕ್ಕೆಂದು ಕೊಟ್ಟಿದ್ದ. ಮೂರು ಜಾತಿ, ಜಾತಿಗೆ ಎರಡು. ಚುಕ್ಕೆ ಎಲೆಯದು ಚಪ್ಪಲಿಯಂಥ ಹೂ ಬಿಡುತ್ತದೆ, ಅಗಲ ಎಲೆಯದು ಪತಂಗದಂಥ ಹೂ ಬಿಡುತ್ತದೆ, ಕಬ್ಬಿನ ಹಾಗೆ ಗೆಣ್ಣುಗೆಣ್ಣಾಗಿ ನಿಲ್ಲುವುದು ಗೆಣ್ಣಿಗೊಂದು ಗೊಂಚಲು ಬಿಡುತ್ತದೆ ಎಂದಿದ್ದ. ಮಣ್ಣು ಬೇಡ, ಇದ್ದಿಲು ತೊಗಟೆ ಸಾಕು, ಮನೆಯೊಳಗೇ ಇರಲಿ, ಬೆಳಕು ಬೇಕು ಎಂದೂ ಹೇಳಿದ್ದ. ಎಷ್ಟು ಬೆಳಕು ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ತಂದೆ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು ಎಂಬ ರೂಢಿಯಂತೆ ಚಿಕ್ಕಣ್ಣ ಬಡಗಲು ಪಡುವಲ ಅಂಕಣಗಳನ್ನು ಆರಿಸಿದ. ಚಲುವಯ್ಯನಿಗೆ ತೆಂಕಲು ಮೂಡಲು ಉಳಿದವು. ಕುಂಡಗಳು ಜಾತಿಗೊಂದರಂತೆ ಇಬ್ಬರಿಗೂ ಮೂರು ಮೂರು. ಆ ಮನೆಯ ಆಸ್ತಿಯಲ್ಲಿ ಅಷ್ಟು ಸಲೀಸಾದ ಭಾಗಾಕಾರ ಮತ್ತೊಂದು ಇರಲಿಲ್ಲ. ಯಾರೂ ಪಾಲು ಮಾಡದೆ ಬಿಟ್ಟದ್ದು ಒಂದೇ, ಮನೆ ನಡುವಿನ ತೆರೆದ ತೊಟ್ಟಿಯೊಳಕ್ಕೆ ಬೀಳುವ ಬಿಸಿಲು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ನಡೆಯುವುದರಿಂದ ಆ ಬಿಸಿಲೆಲ್ಲ ಬಡಗಲ ಜಗಲಿಗೇ ಬೀಳುತ್ತಿತ್ತು. ತೆಂಕಲ ಜಗಲಿಗೆ ಬರೀ ಆಕಾಶ.

ಚಲುವಯ್ಯನ ಹೆಂಡತಿ ವಿಮಲಮ್ಮ ಇದನ್ನು ಮೂರು ವರ್ಷ ಸಹಿಸಿದಳು. ನಾಲ್ಕನೆಯ ವರ್ಷ, ಓರಗಿತ್ತಿ ಪ್ರೇಮಮ್ಮ ತಮ್ಮ ಬಿಸಿಲು ಕದಿಯುತ್ತಿದ್ದಾಳೆ ಎಂದು ಗಂಡನಿಗೆ ದೂರಿತ್ತಳು. ಚಲುವಯ್ಯ ಸಿಟ್ಟಿಗೆ ತಮ್ಮನ ಗದ್ದೆಯ ಮಡೆಗೆ ಕಲ್ಲು ಹಾಕಿದ. ತಮ್ಮ ಕಾಲುವೆಯ ಬದುವನ್ನೇ ಒಡೆದ. ಕೆಳಗಿನ ಹದಿನಾಲ್ಕು ಹಿಡುವಳಿಗಳ ಭತ್ತ ಹೊಡೆ ಬರುವ ಹೊತ್ತಿನಲ್ಲಿ ಬಾಯಾರಿ ನಿಂತಿತು. ಆದ್ದರಿಂದ ಊರಿನ ಪಂಚರು ತೊಟ್ಟಿಗೆ ಬಂದರು, ಎಲೆ ಎಣಿಸಿದರು.

"ಯಾಕ್ರಪ್ಪಾ, ನೀರಿಗೆ ಜಗಳ ಆಡೋರ್ನ ಕಂಡಿವ್ನಿ, ಬಿಸಿಲಿಗೆ ಆಡೋರ್ನ ಇವತ್ತೇ ಕಂಡಿದ್ದು," ಎಂದರು ಕುಳ್ಳಯ್ಯನವರು.

"ಬಿಸಿಲೇನು ಪುಕ್ಕಟೆನಾ ಯಜಮಾನ್ರೇ?" ಎಂದಳು ವಿಮಲಮ್ಮ ಕಂಬದ ಮರೆಯಿಂದ. "ತೊಟ್ಟಿ ಇಬ್ಬರದೂ. ತೊಟ್ಟಿ ಒಳಗ್ ಬಿದ್ದದ್ದೂ ಇಬ್ಬರದೂ. ಮಳೆ ನೀರು ಬಿದ್ರೆ ಸಮಾ ತುಂಬ್ಕೊತೀವಿ. ಬಿಸಿಲು ಬಿದ್ರೆ ಅವ್ಳೊಬ್ಳೇ ತುಂಬ್ಕೊಳ್ಳಾದಾ?"

ಈ ವಾದದಲ್ಲಿ ಪಂಚರಿಗೆ ದೋಷ ಕಾಣಲಿಲ್ಲ. ಅವರು ಅಡಿಕೆ ಹಾಕಿಕೊಂಡರು. ಕೊನೆಗೆ ಕುಳ್ಳಯ್ಯನವರ ಕಣ್ಣು ಬಾಗಿಲ ಬಳಿ ಗುದ್ದಲಿ ಊರಿ ನಿಂತಿದ್ದ ಸಣ್ಣಬೀರಯ್ಯನ ಮೇಲೆ ಬಿತ್ತು.

"ಲೋ ಸಣ್ಬೀರ, ನೀರು ಹಂಚಿದೋನು ಬಿಸಿಲು ಹಂಚಲಾರ್ಯಾ? ಯುಗಾದಿವರ್ಗೂ ವಾಯ್ದೆ. ಎರಡು ಪಾಲ್ನಾಗೂ ಊ ಬುಟ್ರೆ, ಅಣ್ಣ ತಮ್ಮ ಇಬ್ರೂ ನಿನ್ನ ಕಡೀಕೆ. ಏನ್ರಪ್ಪ?"

ಅಣ್ಣ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಲೆಯಾಡಿಸಿದರು.

"ಬುಡದಿದ್ರೆ?" ಎಂದ ಸಣ್ಣಬೀರಯ್ಯ.

"ಬುಡದಿದ್ರೆ ಗಳಿಗೆಬಟ್ಟಲ್ನ ಗುಡಿಗೆ ಒಪ್ಪಿಸ್ಬುಡು. ಸೌಡಿ ಅವ್ನೆ, ನೋಡ್ಕೊತಾನೆ."

ಸಣ್ಣಬೀರಯ್ಯ ಬೆಳಕು ಹಂಚುವುದು ಆಗದ ಕೆಲಸವೆಂದು ಒಂದು ಕ್ಷಣವೂ ಯೋಚಿಸಲಿಲ್ಲ. ಮೇಲಿನಿಂದ ಬರುವುದು, ಕೆಳಗೆ ಬೀಳುವುದು, ಇಬ್ಬರಿಗೆ ಬೇಕಾದದ್ದು, ಒಬ್ಬನಿಗೆ ಹೆಚ್ಚಾದದ್ದು. ನೀರಿಗೂ ಅದಕ್ಕೂ ಅವನಿಗೆ ಕಂಡ ವ್ಯತ್ಯಾಸವೆಂದರೆ ಬಿಸಿಲಿಗೆ ಕಾಲು ಕೆಸರಾಗುವುದಿಲ್ಲ ಎಂಬುದಷ್ಟೇ.

ಮರುದಿನವೇ ತೊಟ್ಟಿಯ ಮಧ್ಯೆ ತಪ್ಪಲೆಯಲ್ಲಿ ನೀರಿಟ್ಟು ಬಟ್ಟಲು ಬಿಟ್ಟ. ಬಿಸಿಲು ಮೂಡಲ ಸೂರು ದಾಟಿ ಒಳಗಿಳಿದ ಹೊತ್ತಿನಿಂದ ಪಡುವಲ ಸೂರು ಹತ್ತಿ ಹೋಗುವವರೆಗೆ ಬಟ್ಟಲು ಹನ್ನೆರಡು ಸಲ ಮುಳುಗಿತು. ಹನ್ನೆರಡನ್ನು ಆರರಿಂದ ಭಾಗಿಸಿದರೆ ಎರಡು, ಶೇಷವಿಲ್ಲ. ಕುಂಡಕ್ಕೆ ಎರಡೆರಡು ಗಳಿಗೆ. ಆರು ಕುಂಡಗಳಿಗೂ ಗೋಣಿತಾಟಿನ ಕುಲಾವಿ ಹೊಲಿಸಿದ. ಸರದಿ ಬಂದಾಗ ಕುಲಾವಿ ತೆಗೆಯುವುದು ಮಡೆ ತೆರೆದ ಹಾಗೆ, ಹಾಕುವುದು ಮಡೆ ಮುಚ್ಚಿದ ಹಾಗೆ.

ತೆಂಕಲ ಜಗಲಿಗೆ ಬಿಸಿಲು ಬಾರದಿದ್ದುದರಿಂದ ಅದನ್ನು ಬಡಗಲಿನಿಂದ ಹಾಯಿಸಬೇಕಾಯಿತು. ವಿಮಲಮ್ಮನ ತವರಿನ ನಿಲುವುಗನ್ನಡಿಯನ್ನು ಬಡಗಲ ಜಗಲಿಯಲ್ಲಿ ಓರೆಯಾಗಿ ನಿಲ್ಲಿಸಿ, ಅಲ್ಲಿಂದ ತೊಟ್ಟಿ ದಾಟಿಸಿ ಬಿಸಿಲನ್ನು ಎದುರು ಜಗಲಿಯ ಕಂಚಿನ ಹರಿವಾಣಕ್ಕೆ ಬೀಳಿಸಿ, ಹರಿವಾಣದಿಂದ ಕುಂಡಕ್ಕೆ ತಿರುಗಿಸಿದ. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸುತ್ತಾ ನಿಲ್ಲಬೇಕು. ಮೂವತ್ತೊಂದು ವರ್ಷದಲ್ಲಿ ಅವನು ತೋಡಿದ ಕಾಲುವೆಗಳಲ್ಲಿ ಇದೇ ಅತ್ಯಂತ ನೇರವಾದದ್ದು.

ತಗಾದೆ ಮೊದಲ ದಿನವೇ ಹುಟ್ಟಿತು. ಹರಿವಾಣದಿಂದ ಚೆದರಿದ ಬೆಳಕು ಕಂಬಕ್ಕೂ ಬೀಳುತ್ತಿತ್ತು. ಇದು ಸೋರಿಕೆ, ಸೋರಿದ್ದಕ್ಕೆ ಬದಲು ಕೊಡಬೇಕೆಂದಳು ವಿಮಲಮ್ಮ. ಕಂಬ ತೆಂಕಲಿನದು, ನಿನ್ನ ಕಂಬ ಕುಡಿದದ್ದನ್ನು ನಾವೇಕೆ ಕೊಡಬೇಕೆಂದಳು ಪ್ರೇಮಮ್ಮ. ಸಣ್ಣಬೀರಯ್ಯ ಕಂಬಕ್ಕೆ ಕರಿ ಕಂಬಳಿ ಸುತ್ತಿಸಿದ. ಮೂರನೆಯ ದಿನ ಪ್ರೇಮಮ್ಮ ವಿಮಲಮ್ಮನ ಸರದಿಯಲ್ಲಿ ಜಗಲಿಯ ಬಿಸಿಲಿಗೆ ಹಪ್ಪಳ ಹರವಿದಳು.

"ಇದು ಅಕ್ರಮ ಬೆಳೆ ಕಣವ್ವಾರೆ, ತೆಗೀರಿ," ಎಂದ ಸಣ್ಣಬೀರಯ್ಯ.

"ಹಪ್ಪಳ ಏನ್ ಊ ಬುಡ್ತದಾ ಬೀರಯ್ಯ? ಹಪ್ಪಳ ಬಿಸಿಲ್ನ ಎಷ್ಟು ಕುಡೀತದೆ ಮಹಾ!"

"ಎಷ್ಟೋ ಕುಡುದದೆ. ಬೆಳಿಗ್ಗೆ ಹಸಿ ಇತ್ತು, ಈಗ ಒಣಗೋಗದೆ. ಒಣಗೋಕೆ ಬೇಕಾದ್ದು ಎಲ್ಲಿಂದ ಬಂತು?"

ಹಪ್ಪಳ ಒಳಗೆ ಹೋಯಿತು. ಬೆಕ್ಕನ್ನು ಮಾತ್ರ ಒಪ್ಪಿಸಲಾಗಲಿಲ್ಲ. ಅದು ಯಾರ ಪಾಲಿಗೂ ಬಂದಿರಲಿಲ್ಲ. ಬಿಸಿಲು ಎಲ್ಲಿ ಬಿದ್ದರೂ ಅಲ್ಲಿ ಮೈ ಚಾಚುತ್ತಿತ್ತು, ಓಡಿಸಿದರೆ ಕನ್ನಡಿಯ ಮುಂದೆ ಕೂತುಕೊಳ್ಳುತ್ತಿತ್ತು.

ಎಲ್ಲಕ್ಕಿಂತ ತೊಡಕಿನ ವ್ಯಾಜ್ಯ ಅಣ್ಣತಮ್ಮಂದಿರ ತಾಯಿ ಪುಟ್ಟತಾಯಮ್ಮನದು. ಆಕೆ ಬೆಳಿಗ್ಗೆ ಗಂಜಿ ಕುಡಿದವಳೇ ಬಡಗಲ ಜಗಲಿಯ ಅಂಚಿಗೆ ಬಂದು, ಕಾಲು ಚಾಚಿ, ಮಂಡಿಗೆ ಬಿಸಿಲು ಕಾಯಿಸುತ್ತಿದ್ದಳು. ಅವ್ವ ಕಾಯಿಸಿದ ಬಿಸಿಲನ್ನು ಯಾರ ಲೆಕ್ಕಕ್ಕೆ ಹಿಡಿಯಬೇಕು ಎಂದು ಇಬ್ಬರು ಸೊಸೆಯರೂ ಒಟ್ಟಿಗೆ ಕೇಳಿದರು. ಮೂರು ವರ್ಷದಲ್ಲಿ ಅವರು ಒಟ್ಟಿಗೆ ಕೇಳಿದ ಪ್ರಶ್ನೆ ಅದೊಂದೇ.

"ಲೋ ಬೀರ," ಎಂದಳು ಮುದುಕಿ, "ನಿಮ್ಮಪ್ಪ ನೀರುಗಂಟಿ ಆಗಿದ್ದಾಗಿಂದ ನಾನಿಲ್ಲೇ ಕುಂತಿವ್ನಿ. ನಾನ್ಯಾವ ಬೆಳೆಯೋ? ಭತ್ತವೋ, ಹಪ್ಪಳವೋ?"

ಸಣ್ಣಬೀರಯ್ಯ ಬಟ್ಟಲು ಅರ್ಧ ಮುಳುಗುವವರೆಗೆ ಯೋಚಿಸಿದ.

"ನೀವು ಬೆಳೆ ಅಲ್ಲ ಕಣವ್ವ. ನೀವು ಕುಡಿಯೋ ನೀರು. ಕುಡಿಯೋ ನೀರಿಗೆ ಸರದಿ ಇಲ್ಲ."

ಮುದುಕಿ ಕಾಲನ್ನು ಇನ್ನೂ ಒಂದು ಗೇಣು ಮುಂದಕ್ಕೆ ಚಾಚಿದಳು.

ಹೀಗೆ ಎರಡು ತಿಂಗಳು ನಡೆಯಿತು. ಹಂಚಿಕೆ ಕೂದಲೆಳೆಯಷ್ಟೂ ತಪ್ಪಲಿಲ್ಲ, ಗಿಡಗಳು ಸಾಯತೊಡಗಿದವು. ಸರದಿಯ ಬಿಸಿಲು ತಾಗಿದ ಚುಕ್ಕೆ ಎಲೆಯ ಗಿಡಗಳಿಗೆ ಸುಟ್ಟ ಕಲೆ ಬಿತ್ತು. ದಿನವೆಲ್ಲ ಕುಲಾವಿಯೊಳಗಿದ್ದು ಎರಡೇ ಗಳಿಗೆ ಹೊರಬಂದ ಕಬ್ಬಿನ ಗಿಡಗಳು ಕಡುಹಸಿರಾಗಿ ಸೋತು ಬಾಗಿದವು. ಪತಂಗದ ಗಿಡಗಳು ಬದುಕುವುದೋ ಬೇಡವೋ ಎಂಬ ಸಂದೇಹದಲ್ಲಿ ನಿಂತವು. ಡಿಸೆಂಬರ್ ಮೊದಲ ವಾರ ಕುಳ್ಳಯ್ಯನವರು ಬಂದು ಮತ್ತೆ ಎಣಿಸಿದರು.

"ನಲವತ್ತೇಳು ಇತ್ತು, ಈಗ ಮೂವತ್ತೊಂಬತ್ತು. ಎಂಟು ಎಲೆ ಎಲ್ಲೋದೋ ಸಣ್ಬೀರ? ಅದನ್ನೂ ಸಮಾ ಹಂಚ್ದಾ?"

"ಹೂಂ ಯಜಮಾನ್ರೇ. ಆ ಕಡೆ ನಾಕು ಉದುರದೆ, ಈ ಕಡೆ ನಾಕು."

ಇದು ಅವನು ಹಾಸ್ಯಕ್ಕೆ ಹೇಳಿದ್ದಲ್ಲ. ಆದರೆ ಊರು ಇದನ್ನು ಹಾಸ್ಯವೆಂದೇ ಸ್ವೀಕರಿಸಿ ಕಾಲುವೆ ಏರಿಯ ಮೇಲೆಲ್ಲ ಹಂಚಿತು. ಸೌಡಿ ಒಬ್ಬನೇ ನಗಲಿಲ್ಲ. ಅವನು ಒಳ್ಳೆಯ ಹುಡುಗ. ಎದುರು ಸಿಕ್ಕಾಗ ಸೈಕಲ್ ಇಳಿದು, "ಬಟ್ಟಲು ಇಡಿಯೋದು ನಂಗೂ ಒಸಿ ಏಳ್ಕೊಡಿ ತಾತ, ಮುಂದೆ ಬೇಕಾಯ್ತದೆ," ಎಂದ. ಊರಿನ ಅಷ್ಟೂ ನಗೆಗಿಂತ ಆ ವಿನಯ ಸಣ್ಣಬೀರಯ್ಯನನ್ನು ಹೆಚ್ಚು ಇರಿಯಿತು. ಅಂದು ಅವನು ಮುದ್ದೆ ಮುರಿಯಲಿಲ್ಲ.

"ಅಲ್ಲಾ, ಜನ ಗದ್ದೆ ಕಾದು ಬಡವಾಗವ್ರೆ, ಬೆಂಕಿ ಕಾದು ಬೆಚ್ಚಗಾಗವ್ರೆ," ಎಂದಳು ಅವನ ಹೆಂಡತಿ ಸೋಮಮ್ಮ. "ನೆರಳು ಕಾದು ಕರ್ರಗಾದೋನ್ನ ನಿನ್ನೊಬ್ಬನ್ನೇ ನೋಡಿದ್ದು. ಉಣ್ಣು, ಎದ್ದೇಳು."

ಮರುವಾರ ಬಿಸಿಲಿನ ಕಳವು ಬಯಲಾಯಿತು. ನಡುವೆ ಕೃಷ್ಣರಾಜನಗರದಲ್ಲಿ ನಂಟರ ಸಾವಿಗೆಂದು ಸಣ್ಣಬೀರಯ್ಯ ಎಂಟು ದಿನ ಊರಲ್ಲಿರಲಿಲ್ಲ. ಕುಲಾವಿ ತೆಗೆದು ಹಾಕುವ ಕೆಲಸವನ್ನು ಇಬ್ಬರು ಗೃಹಿಣಿಯರಿಗೇ ದಿನ ಬಿಟ್ಟು ದಿನ ವಹಿಸಿ ಹೋಗಿದ್ದ. ತಿರುಗಿ ಬಂದು ನೋಡಿದರೆ ತೆಂಕಲಿನ ಚಪ್ಪಲಿ ಗಿಡದ ಮೇಲೆ ಕುಲಾವಿಯ ಬದಲು ಬಿದಿರ ಕುಕ್ಕೆ ಬೋರಲು ಬಿದ್ದಿತ್ತು. ಕುಕ್ಕೆ ಪ್ರೇಮಮ್ಮನದು. ಎಂಟು ದಿನವೂ ಆಕೆ ವಿಮಲಮ್ಮನ ಕುಂಡದ ಸರದಿಗಳನ್ನು ಹೊಡೆದುಕೊಂಡು ತನ್ನ ಕಬ್ಬಿನ ಗಿಡಕ್ಕೆ ಹಾಯಿಸಿದ್ದಳು. ತನ್ನ ದಿನದಲ್ಲಿ ಕುಕ್ಕೆ ಕಂಡು ಕೇಳಿದ ವಿಮಲಮ್ಮನಿಗೆ, ಅದೂ ಸರದಿಯ ಅಂಗವೇ, ಬೀರಯ್ಯನೇ ಹೇಳಿ ಹೋದದ್ದು ಎಂದು ನಂಬಿಸಿದ್ದಳು.

"ಕಂಡ್ರಾ ಕಳ್ತನಾವ!" ಎಂದು ವಿಮಲಮ್ಮ ಬೊಬ್ಬಿಟ್ಟಳು. ಸಣ್ಣಬೀರಯ್ಯ ಸಾಕ್ಷಿಗೆಂದು ಪುಟ್ಟತಾಯಮ್ಮನನ್ನು ಕರೆದು, ಎಲ್ಲರ ಮುಂದೆ ಕುಕ್ಕೆ ಎತ್ತಿದ.

ಗಿಡದ ನಡುವಿನಿಂದ ಹೊಸ ಎಲೆಯೊಂದು ಹೊರಟಿತ್ತು. ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಸಣ್ಣಬೀರಯ್ಯ ಬಡಗಲಿಗೆ ಹೋಗಿ ಪ್ರೇಮಮ್ಮನ ಕಬ್ಬಿನ ಗಿಡ ನೋಡಿದ. ಬಾಗಿದ್ದ ದಂಟು ಬೆನ್ನು ನೆಟ್ಟಗೆ ಮಾಡಿಕೊಂಡು, ಎಲೆಯಲ್ಲಿ ತಿಳಿಬಣ್ಣ ತಂದುಕೊಂಡು ನಿಂತಿತ್ತು. ಅವನು ಜಗಲಿಯ ಮೇಲೆ ಕುಳಿತುಬಿಟ್ಟ. ನ್ಯಾಯ ಸಿಕ್ಕ ಗಿಡ ಸಾಯುತ್ತಿತ್ತು. ಕಳವಾದ ಗಿಡ ಬದುಕುತ್ತಿತ್ತು. ಕದ್ದ ಗಿಡವೂ ಬದುಕುತ್ತಿತ್ತು. ತೋಟದ ಎಲೆಬಳ್ಳಿಗೂ ಹೊಲದ ಎಳ್ಳಿಗೂ ಒಂದೇ ಮಡೆ ತಿರುಗಿಸಿದವನನ್ನು ತಾನೇ ಎಷ್ಟು ಸಲ ಬೈದಿದ್ದೇನೆಂಬುದು ಅವನಿಗೆ ನೆನಪಾಯಿತು.

ಸಂಜೆ ಅಣ್ಣತಮ್ಮಂದಿರನ್ನು ಕೂರಿಸಿ ಹೇಳಿದ. "ಗೌಡ್ರೇ, ಒಂದೊಂದಕ್ಕೆ ಒಂದೊಂದು ಅಳತೆ. ಚಪ್ಪಲಿ ಗಿಡಕ್ಕೆ ನೆರಳೇ ಊಟ, ಎರಡೂ ತೆಂಕಲಿಗೆ ಬರ್ಲಿ. ಕಬ್ಬಿನ ಗಿಡಕ್ಕೆ ನಾಕು ಗಳಿಗೆ ಬಿಸಿಲಾದ್ರೂ ಬೇಕು, ಎರಡೂ ಬಡಗಲಿಗೆ ಹೋಗ್ಲಿ. ಪತಂಗದ್ದು ಇದ್ದಲ್ಲೇ ಇರ್ಲಿ, ಮುಂದೆ ತೆಳೂ ಪಂಚೆ ಕಟ್ಟಿ, ಶೋಧಿಸ್ಕ ಕುಡೀಲಿ."

"ಅಂದ್ರೆ ನಮ್ಮ ಕುಂಡ ಅವ್ರ ಮನೇಲಿಡಾದಾ?" ಎಂದ ಚಲುವಯ್ಯ. "ನೀನು ಪೇಪರ್ ಓದ್ದೋನಲ್ಲ ಬುಡು. ಈ ವರ್ಷ ಕಾನೂನು ಬಂದದೆ. ಉಳೋನಿಗೇ ಭೂಮಿ. ನಾಳೆ ಅವ್ನು ನಂ ಗಿಡಕ್ಕೆ ನೀರಾಕಿ, ನಾನೇ ಗೇಣಿದಾರ ಅಂತ ಅರ್ಜಿ ಕೊಟ್ರೆ?"

"ನಂ ಚಪ್ಪಲಿ ಗಿಡಕ್ಕೂ ಅದೇ ಗತಿ," ಎಂದ ಚಿಕ್ಕಣ್ಣ. ತಮ್ಮ ಅಣ್ಣನ ಮಾತನ್ನು ಒಪ್ಪಿದ್ದು ಪಾಲಾದ ಮೇಲೆ ಅದೇ ಮೊದಲು. ಬೆಳೆಪಾಲಿನ ವಾರಕ್ಕೆ ಕೊಡಲು ಹೆದರಿಕೆ, ಗೇಣಿಗೆ ಕೊಡಲು ಹೆದರಿಕೆ, ಕೈಬದಲು ಕೊಟ್ಟರೆ ತಿರುಗಿ ಬಾರದೆಂಬ ಹೆದರಿಕೆ. ಆ ವರ್ಷ ಜಿಲ್ಲೆಯಲ್ಲಿ ಜಮೀನಿದ್ದವರೆಲ್ಲರೂ ಇದೇ ಹೆದರಿಕೆಯಲ್ಲಿದ್ದರು. ಇವರು ಅದನ್ನು ಕುಂಡದವರೆಗೆ ತಂದಿದ್ದರು ಅಷ್ಟೇ.

"ಭೋಗ್ಯಕ್ಕಾಕ್ಕೊಳ್ರೋ," ಎಂದಳು ಪುಟ್ಟತಾಯಮ್ಮ ಕಂಬಳಿಯೊಳಗಿಂದ. "ಭೋಗ್ಯದ ಗದ್ದೆ ಯಾರೂ ತಿನ್ನಾಕಾಗಲ್ಲ. ಸಾಲ ತೀರಿಸು, ಗದ್ದೆ ಬುಡಿಸ್ಕೊ."

"ಸಾಲ ಯಾವ್ದವ್ವಾ?"

"ಬಿಸಿಲು."

ಲೆಕ್ಕ ಹಾಕುವುದಕ್ಕೆ ಎರಡು ದಿನ ಹಿಡಿಯಿತು. ಚಲುವಯ್ಯನ ಕಬ್ಬಿನ ಗಿಡ ತಮ್ಮನ ಕಡೆ ದಿನಕ್ಕೆ ನಾಲ್ಕು ಗಳಿಗೆ ಬಿಸಿಲು ಕುಡಿಯುತ್ತದೆ; ಅದು ಅಣ್ಣನ ಸಾಲ. ಚಿಕ್ಕಣ್ಣನ ಚಪ್ಪಲಿ ಗಿಡ ಅಣ್ಣನ ಕಡೆ ಹಗಲಿಡೀ ಮೂವತ್ತು ಗಳಿಗೆ ನೆರಳಲ್ಲಿರುತ್ತದೆ.

"ನೆರಳಿಗೂ ಬೆಲೆಯಾ?" ಎಂದಳು ಪ್ರೇಮಮ್ಮ.

"ಯಾಕಿಲ್ಲ? ನಮ್ಮ ಸೂರು, ನಮ್ಮ ಹೆಂಚು, ನಾವು ಮಾಡಿದ ನೆರಳು," ಎಂದಳು ವಿಮಲಮ್ಮ.

ಜಗ್ಗಾಡಿದ ಮೇಲೆ ಹತ್ತು ಗಳಿಗೆ ನೆರಳಿಗೆ ಒಂದು ಗಳಿಗೆ ಬಿಸಿಲು ಎಂದು ದರ ನಿಂತಿತು. ಮೂವತ್ತು ನೆರಳಿಗೆ ಮೂರು ಬಿಸಿಲು. ನಾಲ್ಕರಲ್ಲಿ ಮೂರು ಕಳೆದರೆ ಅಣ್ಣನಿಂದ ತಮ್ಮನಿಗೆ ದಿನಕ್ಕೆ ಒಂದು ಗಳಿಗೆ ಬಾಕಿ. ವಾಯಿದೆ ಯುಗಾದಿ. ಲೆಕ್ಕ ಮುಗಿದ ದಿನ ಅಮಾವಾಸ್ಯೆಯಾದ್ದರಿಂದ ಬೆಳಕಿನ ಸಾಲ ಎತ್ತುವುದು ಶುಭವಲ್ಲವೆಂದು ಡಿಸೆಂಬರ್ ಹದಿನಾಲ್ಕಕ್ಕೆ ಕುಂಡಗಳು ತೊಟ್ಟಿ ದಾಟಿದವು. ಸಾಲಕ್ಕೆ ಜಾಮೀನು ಬೇಕೆಂದ ಚಿಕ್ಕಣ್ಣ. ಅಂಥ ಸಾಲಕ್ಕೆ ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ಕೆಲಸ ಉಳಿಯಬೇಕಾದವನು ತಾನೇ ಆದ್ದರಿಂದ ಸಣ್ಣಬೀರಯ್ಯನೇ ಜಾಮೀನು ನಿಂತ.

ಕುಲಾವಿಗಳು ಹೋದವು, ಕನ್ನಡಿ ವಿಮಲಮ್ಮನ ಕೋಣೆಗೆ ಹಿಂತಿರುಗಿತು. ಮಹಾಶಿವರಾತ್ರಿಯ ಹೊತ್ತಿಗೆ ತೆಂಕಲ ನೆರಳಿನಲ್ಲಿ ಎರಡೂ ಚಪ್ಪಲಿ ಗಿಡಗಳು ಒಂದೊಂದು ಹೂ ಬಿಟ್ಟವು. ಹಸಿರು ಗೆರೆಯ, ಕಂದು ಬಣ್ಣದ, ನಿಜಕ್ಕೂ ಮಗುವಿನ ಚಪ್ಪಲಿಯಂಥ ಹೂ. ಒಂಟಿ ಚಪ್ಪಲಿ ಎಂಬುದೊಂದೇ ಕೊರತೆ. ಫಾಲ್ಗುಣದಲ್ಲಿ ಪಂಚೆಯ ಹಿಂದಿನ ಪತಂಗಗಳು ರೆಕ್ಕೆ ಬಿಚ್ಚಿದವು. ಯುಗಾದಿಗೆ ಎಂಟು ದಿನವಿರುವಾಗ ಬಡಗಲಿನ ಕಬ್ಬಿನ ಗಿಡಗಳ ಬೋಳು ದಂಟಿನ ಮೇಲೆ, ಮಾತು ಕೊಟ್ಟಂತೆ, ಗೆಣ್ಣುಗೆಣ್ಣಿಗೂ ನೇರಳೆ ಗೊಂಚಲು ಬಂತು. ಜನ ಬಿಳಿಕೆರೆಯಿಂದ ಬಸ್ಸಿನಲ್ಲಿ ಬಂದು ನೋಡಿ ಹೋದರು. ಚಲುವಯ್ಯ ತನ್ನ ಗಿಡದ ಹೂವನ್ನು ತಮ್ಮನ ಹೊಸ್ತಿಲಾಚೆ ನಿಂತು ನೋಡಿದ. ಚಿಕ್ಕಣ್ಣ ಅಣ್ಣನ ಹೊಸ್ತಿಲಾಚೆ ನಿಂತು ನೋಡಿದ.

ಯುಗಾದಿಯ ದಿನ ಪಂಚರು ಬಂದರು. ಊರಿನ ಕೆಲಸಗಾರರನ್ನು ಹೊಸ ವರ್ಷಕ್ಕೆ ಗೊತ್ತುಮಾಡುವ ದಿನವೂ ಅದೇ. ಹೂವು ಯಾರ ಗಿಡದ್ದೋ ಅವರ ಪಾಲಿನದೆಂದು ಒಬ್ಬ ಪಂಚ, ಯಾರ ಜಗಲಿಯದೋ ಅವರ ಪಾಲಿನದೆಂದು ಇನ್ನೊಬ್ಬ ವಾದಿಸಿದರು. ಹೇಗೆ ಎಣಿಸಿದರೂ ಎರಡು ಪಾಲಿನಲ್ಲೂ ಹೂವಿತ್ತು. ಕುಳ್ಳಯ್ಯನವರು ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, "ಗೆದ್ದೆ ಕಣ್ಲಾ ಸಣ್ಬೀರ," ಎಂದರು.

ಸಣ್ಣಬೀರಯ್ಯ ಕೈಮುಗಿಯುವಷ್ಟರಲ್ಲಿ ಚಿಕ್ಕಣ್ಣ ಗಂಟಲು ಸರಿಮಾಡಿಕೊಂಡ. "ಇವತ್ತು ವಾಯ್ದೆ. ದಿನಕ್ಕೊಂದರಂಗೆ ನೂರಿಪ್ಪತ್ತು ಗಳಿಗೆ ಬಿಸಿಲು ಬರ್ಬೇಕು."

"ನಂ ಕಡೀಕೆ ಸೂರ್ಯ ಬರಾದೇ ಇಲ್ಲ, ಎಲ್ಲಿಂದ ತಂದ್ಕೊಡ್ಲಿ?" ಎಂದ ಚಲುವಯ್ಯ. "ಜಾಮೀನ್ದಾರನ್ನ ಕೇಳು."

ನಗಬೇಕೆಂದುಕೊಂಡಿದ್ದವರು ನಗಲಿಲ್ಲ. ಏಕೆಂದರೆ ಪಂಚರಲ್ಲೊಬ್ಬನಿಗೆ ಊರಿನ ಹಳೆಯ ಕಟ್ಟು ನೆನಪಾಗಿತ್ತು: ಸರದಿ ಬಾಕಿ ಇರುವವನು ಸರದಿ ಹಂಚುವಂತಿಲ್ಲ. ಬಾಕಿಯುಳ್ಳ ನೀರುಗಂಟಿ ಸಾಲ ಕೊಟ್ಟವನ ಗದ್ದೆಗೆ ಎರಡು ಬಟ್ಟಲು ಹೆಚ್ಚು ಬಿಡುತ್ತಾನೆಂದು ಹಿರಿಯರು ಕಂಡುಕೊಂಡ ಸತ್ಯ. ಕಟ್ಟಿನಲ್ಲಿ ನೀರಿನ ಬಾಕಿ, ಬಿಸಿಲಿನ ಬಾಕಿ ಎಂಬ ಭೇದ ಇರಲಿಲ್ಲ.

"ಒತ್ತು ಮುಳುಗೋದ್ರೊಳ್ಗೆ ತೀರಿಸ್ಬುಡು," ಎಂದರು ಕುಳ್ಳಯ್ಯನವರು ಬೇಸರದಿಂದ. "ಇಲ್ದಿದ್ರೆ ನಾನೇನ್ ಮಾಡ್ಲಪ್ಪ? ಕಟ್ಟು ಕಟ್ಟೇ."

ಸಣ್ಣಬೀರಯ್ಯ ಮನೆಗೆ ನಡೆದ. ಸೋಮಮ್ಮ ಒಲೆಯ ಮುಂದೆ ಕುಳಿತು ಒಬ್ಬಟ್ಟು ತಟ್ಟುತ್ತಿದ್ದಳು. ಅವಳ ಅಡುಗೆಮನೆಗೆ ಕಿಟಕಿಯಿರಲಿಲ್ಲ. ಒಲೆಯ ನೇರಕ್ಕೆ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿದ ಬಿಸಿಲು ಅವಳ ಕೈಮೇಲೆ, ಕಣಕದ ಮೇಲೆ, ಚೌಕವಾಗಿ ಕುಳಿತಿತ್ತು. ಅವನು ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಅಂಥದೊಂದು ಹೆಂಚು ಕೊಂಡು ತರೋಣವೆಂದರೆ ಹಬ್ಬದ ದಿನ ಯಾವ ಊರಿನಲ್ಲೂ ಅಂಗಡಿ ತೆರೆದಿರುವುದಿಲ್ಲ. ಅವನು ಏಣಿ ತಂದ.

"ಯಾಕೆ? ಏನಾಗದೆ ಮಾಡಿಗೆ? ಇದ್ಯಾಕ್ ಹೆಂಚು ಕೀಳ್ತಾ ಇದೀಯ?" ಎಂದು ಸೋಮಮ್ಮ ಕೇಳುತ್ತಿರುವಾಗಲೇ ಚೌಕ ಬಿಸಿಲು ಅಗಲವಾಗಿ, ಅಲುಗಾಡಿ, ಮಣ್ಣಿನ ಹೆಂಚು ಕೂತೊಡನೆ ಆರಿಹೋಯಿತು. ಅವಳಿಗೆ ತನ್ನ ಕೈ ಕಾಣಲಿಲ್ಲ.

"ಅಯ್ಯೋ, ಬಾಂಡ್ಲಿ ಎಲ್ಲದೆ ಅಂತ ನೋಡ್ಲಿ ನಾನು?"

"ದೀಪ ಅಚ್ಕೊ. ಊರಿನ್ ಸಾಲ ಅದೆ," ಎಂದು ಅವನು ಏಣಿ ಹೆಗಲಿಗೇರಿಸಿದ.

ಗಾಜಿನ ಹೆಂಚು ಪ್ರೇಮಮ್ಮನ ಅಡುಗೆಮನೆಯ ಮಾಡಿಗೆ ಏರಿತು. ಒಲೆಯ ಪಕ್ಕ ಬಿಸಿಲು ಇಳಿದದ್ದನ್ನು ಪಂಚರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಪ್ರೇಮಮ್ಮ ಅದರಲ್ಲಿ ಕೈಯಿಟ್ಟು, ಬಳೆ ತಿರುಗಿಸಿ ನೋಡಿಕೊಂಡು, "ಅಣ್ಣ ತಮ್ಮ ಏನಾರ ಮಾಡ್ಕೊಳ್ಳಿ, ನಂಗೆ ಸಂದಾಯ ಆಯ್ತು," ಎಂದಳು. ಸಾಲ ತೀರಿತೆಂದು ಚಿಕ್ಕಣ್ಣ ಎಲೆಅಡಿಕೆ ಕೊಟ್ಟ. ಭೋಗ್ಯ ತೀರಿದ್ದರಿಂದ ಕುಂಡಗಳು ವಾಪಸಾಗಬೇಕಿತ್ತು. ಆದರೆ ಹೂ ನಿಂತ ಗಿಡವನ್ನು ಕದಲಿಸಲು ಯಾರಿಗೂ ಮನಸ್ಸಾಗದೆ, ಹೊಸ ವರ್ಷಕ್ಕೆ ಹೊಸ ಭೋಗ್ಯ ಮಾಡಿ, ಜಾಮೀನಿಗೆ ಕುಳ್ಳಯ್ಯನವರನ್ನೇ ಕೂರಿಸಿದರು. ಗಳಿಗೆಬಟ್ಟಲು ಸಣ್ಣಬೀರಯ್ಯನ ಕೈಯಲ್ಲೇ ಉಳಿಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಚಿಮಣಿ ದೀಪದ ಮುಂದೆ ಅಂಬಲಿ ಕುಡಿಯುತ್ತಿದ್ದಾಗ ಸೋಮಮ್ಮ ಸೌದೆ ನೂಕುತ್ತ ಮಾತು ತೆಗೆದಳು.

"ನಮ್ಮ ಹೆಂಚಲ್ಲಿ ದಿನಕ್ಕೆಷ್ಟು ಬಿಸಿಲು ಇಳೀತಿತ್ತು?"

"ಹನ್ನೆರಡು ಗಳಿಗೆ."

"ನೂರಿಪ್ಪತ್ತಕ್ಕೆ ಎಷ್ಟು ದಿನ ಆಯ್ತದೆ?"

ಹತ್ತು ಎಂಬುದು ಅವನಿಗೆ ಏಣಿಯ ಮೇಲೇ ಗೊತ್ತಾಗಿತ್ತು.

"ನೆನ್ನೆಗೆ ತೀರ್ತು ಕಣ. ಇವತ್ತಿಂದ ಪ್ರೇಮಮ್ಮ ನಮ್ಗೆ ಸಾಲಗಾರ್ತಿ. ಓಗಿ ಕೇಳು, ಇಲ್ಲಾ ನಾನೇ ಓಗಿ ಕೇಳ್ತೀನಿ."

ಸಣ್ಣಬೀರಯ್ಯ ಅಂಬಲಿಯ ಬೋಗುಣಿ ಕೆಳಗಿಟ್ಟ. "ಬ್ಯಾಡ. ಸಾಲ ಇರೋನು ಸರದಿ ಹಂಚಬಾರ್ದು ಅಂತ ಊರಿನ ಕಟ್ಟು. ಸಾಲ ಬರಬೇಕಾದೋನು ಹಂಚಬೋದಾ ಅಂತ ಇನ್ನೂ ಯಾರೂ ಕೇಳಿಲ್ಲ. ನೀನು ಕೇಳಿಸ್ಬ್ಯಾಡ."

ಅವನು ಗುದ್ದಲಿ ಎತ್ತಿಕೊಂಡು ಏರಿಯ ಕಡೆಗೆ ಹೊರಟ. ಸೋಮಮ್ಮ ದೀಪದ ಬತ್ತಿ ಒಂದಿಷ್ಟು ಎತ್ತಿ, ಹನ್ನೆರಡು ಗಳಿಗೆ ಎಂದು ಗೋಡೆಗೆ ಮಸಿಯಲ್ಲಿ ಒಂದು ಗೆರೆ ಎಳೆದಳು.